ಎಂಟನೇ ಕ್ಲಾಸಿಗೆ ಹೊಸದಾಗಿ ಸೇರಿದ ಮಗಳು: ಆರು ಜನ ಟೀಚರ್ ಹೇಳಿದ್ದನ್ನೆಲ್ಲ ನೆನಪಿಟ್ಟುಕೊಳ್ಳುವುದು ಹೇಗೆ?

ಕಬ್ಬಿನಗದ್ದೆ (ಮಂಡ್ಯ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಏಳನೇ ಕ್ಲಾಸಿನವರೆಗೆ ನಮ್ಮೂರ ಶಾಲೆಯಲ್ಲೇ ಓದಿದಳು. ಈ ಜೂನ್‌ನಲ್ಲಿ ಮಂಡ್ಯದ ಹೈಸ್ಕೂಲಿಗೆ ಸೇರಿಸಿದ್ದೇವೆ. ಓದುವುದರಲ್ಲಿ ಚುರುಕಾಗಿಯೇ ಇದ್ದಾಳೆ. ಆದರೆ ಹೈಸ್ಕೂಲಿಗೆ ಹೋದ ಮೇಲೆ ಎಲ್ಲ ಕಲಸುಮೇಲೋಗರ ಆಗಿಬಿಟ್ಟಿದೆ.

ಊರಲ್ಲಿ ಇದ್ದದ್ದೇ ಮೂವರು ಟೀಚರ್. ಇಲ್ಲಿ ಒಂದೊಂದು ವಿಷಯಕ್ಕೆ ಒಬ್ಬೊಬ್ಬರು. ಹಿಂದಿ ಮೇಡಂ ಶುಕ್ರವಾರಕ್ಕೆ ಪ್ರಶ್ನೋತ್ತರ ಬರೆದುಕೊಂಡು ಬನ್ನಿ ಎನ್ನುತ್ತಾರೆ. ವಿಜ್ಞಾನದ ಸರ್ ಅದೇ ಶುಕ್ರವಾರಕ್ಕೆ ಚಿತ್ರ ಬಿಡಿಸಿ ಎನ್ನುತ್ತಾರೆ. ಗಣಿತದವರದು ಅವತ್ತೇ ಟೆಸ್ಟ್. ಇವಳಿಗೆ ಮೂರೂ ಒಟ್ಟಿಗೆ ನೆನಪಾಗುವುದು ಗುರುವಾರ ರಾತ್ರಿ ಊಟಕ್ಕೆ ಕೂತಾಗ. ತಟ್ಟೆ ಮುಂದೆಯೇ ಅಳು ಶುರು.

ಬ್ಯಾಗ್ ನೋಡಿದರೆ ಭಯ ಆಗುತ್ತೆ. ಯಾವ ಪುಸ್ತಕ ಬೇಕಾಗುತ್ತೋ ಗೊತ್ತಿಲ್ಲ ಅಂತ ಎಲ್ಲವನ್ನೂ ತುಂಬಿಕೊಂಡು ಹೋಗುತ್ತಾಳೆ. ಬೆಳಿಗ್ಗೆ ಎಂಟರ ಬಸ್ಸು. ಮನೆ ಸೇರುವುದು ಸಂಜೆ ಆರಕ್ಕೆ. ಅವರಪ್ಪ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದರು. ಅದು ಒಂದು ವಾರವೂ ನಡೆಯಲಿಲ್ಲ. ಟ್ಯೂಷನ್‌ಗೆ ಹಾಕಬೇಕಾ? ಮೊಬೈಲ್ ಕೊಡಿಸಬೇಕಾ? ಹೈಸ್ಕೂಲು ಮಕ್ಕಳಿರುವವರು, ಟೀಚರ್ ಆಗಿರುವವರು ದಯವಿಟ್ಟು ಹೇಳಿ.

ಹಳೇಸೈಕಲ್ (ಪಾಂಡವಪುರ, ಹೈಸ್ಕೂಲು ಮೇಷ್ಟ್ರು)

ತಾಯಿ, ಟ್ಯೂಷನ್ ಮಾತು ಆಮೇಲೆ. ನಿಮ್ಮ ಮಗಳಿಗೆ ಪಾಠ ಅರ್ಥವಾಗದೆ ಬಂದ ತೊಂದರೆ ಅಲ್ಲ ಇದು. ಪ್ರತಿ ವರ್ಷ ಜೂನ್, ಜುಲೈನಲ್ಲಿ ಎಂಟನೇ ಕ್ಲಾಸಿನ ಅರ್ಧಕ್ಕರ್ಧ ಮಕ್ಕಳು ಹೀಗೇ ಇರುತ್ತಾರೆ.

ಕಾರಣ ಸರಳ. ಊರ ಶಾಲೆಯಲ್ಲಿ ಮಗುವಿನ ಪರವಾಗಿ ಟೀಚರೇ ನೆನಪಿಟ್ಟುಕೊಳ್ಳುತ್ತಾರೆ. ಗಣಿತ ಹೇಳಿಕೊಡುವವರೇ ವಿಜ್ಞಾನವನ್ನೂ ಹೇಳಿಕೊಡುತ್ತಾರೆ. ನಿನ್ನೆ ಜಾಸ್ತಿ ಬರೆಸಿದ್ದರೆ ಇವತ್ತು ಅವರೇ ಕಡಿಮೆ ಕೊಡುತ್ತಾರೆ. ಹೈಸ್ಕೂಲಿನಲ್ಲಿ ಹಾಗಲ್ಲ. ಹಿಂದಿಯವರು ಏನು ಕೊಟ್ಟಿದ್ದಾರೆ ಅಂತ ನನಗೆ ಗೊತ್ತಿರುವುದಿಲ್ಲ. ನಾನು ಏನು ಕೊಟ್ಟೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಬಹಳ ಶಾಲೆಗಳಲ್ಲಿ ವಿಜ್ಞಾನ ಒಂದನ್ನೇ ಇಬ್ಬರು ಹಂಚಿಕೊಂಡು ಪಾಠ ಮಾಡುತ್ತಾರೆ. ಎಲ್ಲರ ಮಾತೂ ಬಂದು ಸೇರುವ ಜಾಗ ಮಗುವಿನ ತಲೆ ಒಂದೇ. ಹದಿಮೂರು ವರ್ಷದ ತಲೆ ಅಷ್ಟನ್ನೂ ಹೊರಬೇಕು ಅಂತ ನಾವು ನಿರೀಕ್ಷಿಸಬಾರದು. ಅದಕ್ಕೆ ಒಂದು ಕಾಗದ ಬೇಕು, ಅಷ್ಟೆ.

ಅಂಗೈ ಅಗಲದ ಒಂದು ಸಣ್ಣ ನೋಟ್‌ಬುಕ್ ಕೊಡಿಸಿ. ಒಂದೇ ಇರಲಿ. ಒಂದು ಪುಟಕ್ಕೆ ಒಂದು ದಿನ. ಜೂನ್‌ನಿಂದ ದಸರಾ ರಜೆಯವರೆಗೆ ತಾರೀಖು, ವಾರ ಮೊದಲೇ ಬರೆದಿಟ್ಟುಕೊಳ್ಳಲಿ. ಇನ್ನು ಮುಖ್ಯವಾದ ಮಾತು ಕೇಳಿ. ಮಕ್ಕಳು ಸಾಮಾನ್ಯವಾಗಿ ಟೀಚರ್ ಹೇಳಿದ ದಿನದ ಪುಟದಲ್ಲೇ ಕೆಲಸ ಬರೆದುಕೊಳ್ಳುತ್ತಾರೆ. ಸೋಮವಾರ ಹೇಳಿದ್ದು ಸೋಮವಾರದ ಪುಟದಲ್ಲೇ ಕೂತಿರುತ್ತೆ. ಗುರುವಾರ ಯಾರೂ ಸೋಮವಾರದ ಪುಟ ತಿರುಗಿಸಿ ನೋಡುವುದಿಲ್ಲ. ಅದಕ್ಕೆ ಎರಡು ಕಡೆ ಬರೆಯಬೇಕು. ಒಪ್ಪಿಸಬೇಕಾದ ಶುಕ್ರವಾರದ ಪುಟದಲ್ಲಿ "ಹಿಂದಿ, ಪಾಠ 2, ಪ್ರಶ್ನೋತ್ತರ ಒಪ್ಪಿಸಬೇಕು" ಅಂತ ಒಂದು ಸಾಲು. ಕೆಲಸ ಶುರು ಮಾಡಬೇಕಾದ ಮಂಗಳವಾರದ ಪುಟದಲ್ಲಿ "ಹಿಂದಿ ಶುರು" ಅಂತ ಇನ್ನೊಂದು. ಆಗ ಶುಕ್ರವಾರದ ಪುಟಕ್ಕೆ ಗಣಿತ ಟೆಸ್ಟ್ ಬರೆಯಲು ಹೋದಾಗ, ಅಲ್ಲಿ ಆಗಲೇ ಎರಡು ಸಾಲು ಇರುವುದು ಕಣ್ಣಿಗೆ ಬೀಳುತ್ತೆ. ಗುರುವಾರ ರಾತ್ರಿಯ ಅಳು ಸೋಮವಾರವೇ ಗೊತ್ತಾಗುತ್ತೆ.

ಬರೆಯುವುದು ಪೀರಿಯಡ್ ಮುಗಿಯುವ ಮೊದಲೇ ಆಗಬೇಕು. ಬೆಲ್ ಹೊಡೆದ ಮೇಲೆ ಬರೆಯುತ್ತೇನೆ ಅಂದರೆ ಆಗಲ್ಲ. ಅಷ್ಟರಲ್ಲಿ ಮುಂದಿನವರು ಕ್ಲಾಸಿಗೆ ಬಂದಿರುತ್ತಾರೆ.

ಬೆಲ್ಲದಚ್ಚು (ಮದ್ದೂರು, ಹತ್ತನೇ ಕ್ಲಾಸ್)

ಆಂಟಿ, ನಾನು ಈಗ ಹತ್ತನೇ ಕ್ಲಾಸು. ನಾನೂ ಬಸ್ಸಲ್ಲೇ ಹೋಗಿ ಬರುವುದು. ಸರ್ ಹೇಳಿದ ಪುಸ್ತಕ ನನ್ನ ಹತ್ತಿರವೂ ಇದೆ. ಅದರ ಜೊತೆಗೆ ಒಂದು ವಿಷಯ ಸೇರಿಸುತ್ತೇನೆ. ದೊಡ್ಡವರು ಇದನ್ನು ಹೇಳುವುದೇ ಇಲ್ಲ.

ರಫ್ ನೋಟ್ಸ್, ಫೇರ್ ನೋಟ್ಸ್ ಅಂತ ಎರಡು ಇರುತ್ತೆ. ಕ್ಲಾಸಲ್ಲಿ ರಫ್‌ನಲ್ಲಿ ಬರೆದುಕೊಳ್ಳುವುದು, ಮನೆಯಲ್ಲಿ ಫೇರ್‌ಗೆ ಇಳಿಸುವುದು. ಹೈಸ್ಕೂಲಲ್ಲಿ ಮಕ್ಕಳು ಮುಳುಗುವುದು ಇಲ್ಲೇ ಆಂಟಿ. ಒಂದು ದಿನ ಇಳಿಸದಿದ್ದರೆ ಆರು ವಿಷಯ ಪೆಂಡಿಂಗ್. ಒಂದು ವಾರ ಬಿಟ್ಟರೆ ಭಾನುವಾರ ಇಡೀ ಕೂತರೂ ಮುಗಿಯಲ್ಲ. ಮನಸ್ಸಿಗೆ ಬಹಳ ಕಷ್ಟ ಆಗುತ್ತೆ. ಆಮೇಲೆ ಟೀಚರ್ ನೋಟ್ಸ್ ನೋಡುತ್ತೇವೆ ಅಂತ ಹೇಳಿದ ದಿನ ಹೊಟ್ಟೆ ನೋವು ಅಂತ ಮನೆಯಲ್ಲೇ ಉಳಿಯುವವರು ಇದ್ದಾರೆ.

ಯಾವ ಟೀಚರ್‌ಗೆ ಫೇರ್ ಬೇಕು, ಯಾವ ಟೀಚರ್‌ಗೆ ಒಂದೇ ನೋಟ್ಸ್ ಸಾಕು ಅಂತ ಮೊದಲೇ ಕೇಳಿಬಿಡಬೇಕು. ನಮ್ಮಲ್ಲಿ ಗಣಿತಕ್ಕೂ ಇಂಗ್ಲಿಷಿಗೂ ನೇರವಾಗಿ ಒಂದೇ ಪುಸ್ತಕದಲ್ಲಿ ಬರೆದರೆ ನಡೆಯುತ್ತೆ. ಕೇಳದೆ ಇದ್ದವರು ಸುಮ್ನೆ ಎರಡೆರಡು ಸಲ ಬರೆಯುತ್ತಿದ್ದರು.

ಸಮಾಜ ವಿಜ್ಞಾನದ್ದು ಇನ್ನೊಂದು ಕಥೆ. ಎಂಟನೇ ಕ್ಲಾಸಿಂದ ಅದರೊಳಗೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಅಂತ ಆರು ಭಾಗ ಬರುತ್ತೆ. ಟೀಚರ್ ಇವತ್ತು ಇತಿಹಾಸ ಮಾಡುತ್ತಾರೆ, ನಾಳೆ ಭೂಗೋಳಕ್ಕೆ ಹೋಗುತ್ತಾರೆ. ಒಂದೇ ನೋಟ್‌ಬುಕ್‌ನಲ್ಲಿ ಬಂದ ಹಾಗೆ ಬರೆದರೆ ಪರೀಕ್ಷೆ ಹೊತ್ತಿಗೆ ಯಾವುದು ಎಲ್ಲಿದೆ ಅಂತ ಸಿಗುವುದೇ ಇಲ್ಲ. ದಪ್ಪ ಪುಸ್ತಕ ತಗೊಂಡು ಆರು ಭಾಗ ಮಾಡಿ. ಇತಿಹಾಸ, ಭೂಗೋಳಕ್ಕೆ ಜಾಸ್ತಿ ಪುಟ ಬಿಡಿ. ಭಾಗ ಶುರುವಾಗುವ ಕಡೆ ಹಳೇ ಲಗ್ನಪತ್ರಿಕೆ ಕತ್ತರಿಸಿ ಅಂಟಿಸಿದರೆ ತುದಿ ಹೊರಗೆ ಕಾಣುತ್ತೆ. ಬೆರಳಿಟ್ಟು ತೆಗೆಯಬಹುದು.

ಬ್ಯಾಗ್ ರಾತ್ರಿಯೇ ಜೋಡಿಸಬೇಕು. ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಯಾರಿಗೂ ತಲೆ ಓಡಲ್ಲ. ಶಾಲೆಯ ಟೈಮ್‌ಟೇಬಲ್ ಬರೆದು ಬ್ಯಾಗಿನ ಮುಚ್ಚಳದ ಒಳಗೆ ಪಿನ್ ಹಾಕಿಬಿಡಿ. ನಾಳೆ ಹಿಂದಿ ಇಲ್ಲ ಅಂದರೆ ಹಿಂದಿ ಮನೆಯಲ್ಲೇ ಇರಲಿ.

ದಸರಾಬೊಂಬೆ (ಮೈಸೂರು, ಕುವೆಂಪುನಗರ)

ನನ್ನ ಮಗ ಒಂಬತ್ತನೇ ಕ್ಲಾಸು. ನಾನು ಬೇರೆ ಥರ ಮಾಡುತ್ತೇನೆ. ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲ ಹೋಂವರ್ಕ್ ಬರುತ್ತೆ. ದಿನಾ ಸಂಜೆ ನೋಡಿ ಅವನಿಗೆ ಹೇಳುತ್ತೇನೆ. ಟೆಸ್ಟ್ ದಿನಗಳನ್ನು ನನ್ನ ಫೋನಿನ ಕ್ಯಾಲೆಂಡರಿನಲ್ಲಿ ಹಾಕಿದ್ದೇನೆ. ಇದುವರೆಗೆ ಒಂದೂ ತಪ್ಪಿಲ್ಲ. ಇಷ್ಟು ಸಣ್ಣ ಮಕ್ಕಳ ಮೇಲೆ ಎಲ್ಲ ಹೊರಿಸುವುದು ಸರಿಯಲ್ಲ ಅಂತ ನನಗನ್ನಿಸುತ್ತೆ. ಅವರು ಓದಲಿ. ನೆನಪಿಡುವ ಕೆಲಸ ನಾವು ಮಾಡೋಣ. ಮನೆಯಲ್ಲಿ ತಾಯಿ ಇರುವುದು ಅದಕ್ಕೇ ಅಲ್ವಾ?

ಹಳೇಸೈಕಲ್

ಅಮ್ಮಾ, ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತೆ. ಆದರೆ ಈ ಮಾತು ನಾನು ಒಪ್ಪುವುದಿಲ್ಲ. ಒಂಬತ್ತು ಮುಗಿದು ಹತ್ತು ಬರುತ್ತೆ. ಅದಾದ ಮೇಲೆ ಪಿಯುಸಿ. ಮೈಸೂರಿನಲ್ಲೇ ಹಾಸ್ಟೆಲಿಗೆ ಸೇರಿದರೂ ಅಲ್ಲಿ ನಿಮ್ಮ ಫೋನಿನ ಕ್ಯಾಲೆಂಡರ್ ಅವನಿಗೆ ಸಿಗುವುದಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆ ಅಂಕ ತೆಗೆದು ಪಿಯುಸಿ ಮೊದಲ ವರ್ಷ ತತ್ತರಿಸಿದ ಮಕ್ಕಳನ್ನು ಬಹಳ ನೋಡಿದ್ದೇನೆ. ಅವರಲ್ಲಿ ಎಷ್ಟೋ ಜನಕ್ಕೆ ಮನೆಯಲ್ಲಿ ಯಾರೋ ಎಲ್ಲ ನೆನಪಿಸುತ್ತಿದ್ದರು.

ಹಾಗಂತ ಎಂಟನೇ ಕ್ಲಾಸಿನ ಮಗುವಿಗೆ ಪುಸ್ತಕ ಕೊಟ್ಟು ಕೈ ತೊಳೆದುಕೊಳ್ಳಿ ಅಂತಲೂ ಹೇಳುತ್ತಿಲ್ಲ. ಮೊದಮೊದಲು ದಿನಾ ರಾತ್ರಿ ಒಟ್ಟಿಗೆ ಕೂತು ಆ ಪುಸ್ತಕ ನೋಡಿ. ಬರೆಯುವುದು ಅವಳೇ. ನೀವು "ನಾಳೆಗೆ ಏನಿದೆ? ನಾಡಿದ್ದಕ್ಕೆ ಏನಿದೆ?" ಅಂತ ಕೇಳುವುದು ಮಾತ್ರ. ಅವಳಿಗೇ ರೂಢಿ ಆದಾಗ ವಾರಕ್ಕೊಂದು ಸಲ ನೋಡಿದರೆ ಸಾಕು. ಗ್ರೂಪಿನಲ್ಲಿ ಬಂದ ಮೆಸೇಜನ್ನು ನೀವು ಓದಿ ಹೇಳಬೇಡಿ. "ಗ್ರೂಪಿನಲ್ಲಿ ಏನೋ ಬಂದಿದೆ, ನೋಡಿ ನಿನ್ನ ಪುಸ್ತಕದಲ್ಲಿ ಬರ್ಕೋ" ಅಂತ ಫೋನು ಕೈಗೆ ಕೊಡಿ. ಬರೆದ ಮೇಲೆ ಫೋನು ವಾಪಸ್ ಇಸ್ಕೊಳ್ಳಿ.

ದಸರಾಬೊಂಬೆ

ಹಾಸ್ಟೆಲ್ ಮಾತು ನಿಜ, ನಾನು ಅಷ್ಟು ದೂರ ಯೋಚಿಸಿರಲಿಲ್ಲ. ಆದರೆ ಸರ್, ಹುಡುಗರು ಪುಸ್ತಕದಲ್ಲಿ ಬರೆದುಕೊಳ್ಳುವುದು ಕಷ್ಟ. ಇವನು ಮೂರು ದಿನ ಬರೆದು ಬಿಡುತ್ತಾನೆ. ಫೋನಿನಲ್ಲಿ ಅವನೇ ಹಾಕಿಕೊಂಡರೆ ಆಗಲ್ವಾ?

ಬೆಲ್ಲದಚ್ಚು

ಆಂಟಿ, ಶಾಲೆಗೆ ಫೋನ್ ತರುವ ಹಾಗಿಲ್ಲವಲ್ಲ. ಟೀಚರ್ ಹೇಳಿದಾಗಲೇ ಬರೆಯಬೇಕು. ಮನೆಗೆ ಬಂದು ಫೋನಿಗೆ ಹಾಕುವುದರೊಳಗೆ ಮರೆತಿರುತ್ತೆ. ಬಿಟ್ಟುಬಿಟ್ಟರೂ ಪರವಾಗಿಲ್ಲ, ಮತ್ತೆ ಅವತ್ತಿನ ಪುಟದಿಂದಲೇ ಶುರು ಮಾಡಲಿ. ಹಿಂದಿನ ಖಾಲಿ ಪುಟ ತುಂಬಿಸಲು ಹೋದರೆ ಮತ್ತೆ ಬೇಜಾರಾಗಿ ಬಿಡುತ್ತಾನೆ.

ನಾಲೆಬದಿ (ಮಳವಳ್ಳಿ ಕಡೆ)

ನಾನು ರೈತ. ಇಬ್ಬರು ಮಕ್ಕಳು ಹೈಸ್ಕೂಲು. ಅಕ್ಕಾ, ನಿಮ್ಮ ಮನೆಯವರು ಅಂಟಿಸಿದ ಟೈಮ್‌ಟೇಬಲ್ ಯಾಕೆ ನಡೆಯಲಿಲ್ಲ ಅಂತ ನನಗೆ ಗೊತ್ತು. ಅದರಲ್ಲಿ ದನ ಇರಲಿಲ್ಲ, ಡೈರಿ ಇರಲಿಲ್ಲ, ನೆಂಟರು ಇರಲಿಲ್ಲ. ಹೌದಾ ಅಲ್ವಾ?

ನಮ್ಮ ಹಳ್ಳಿ ಮಕ್ಕಳಿಗೆ ಸಂಜೆ ಬಂದ ಕೂಡಲೇ ಮನೆ ಕೆಲಸ ಇರುತ್ತೆ. ಡೈರಿಗೆ ಹಾಲು ಹಾಕಿ ಬರಬೇಕು. ಸಾಲಲ್ಲಿ ನಿಲ್ಲಬೇಕು. ಅಜ್ಜಿಗೆ ಮಾತ್ರೆ ತರಬೇಕು. ಇದನ್ನೆಲ್ಲ ಬಿಟ್ಟು ಓದು ಅನ್ನುವುದಕ್ಕೆ ಎಲ್ಲ ಮನೆಯಲ್ಲೂ ಆಗಲ್ಲ. ಅದಕ್ಕೆ ನಾವು ಮೊದಲು ಒಂದು ವಾರ ಏನೂ ಬದಲಾಯಿಸದೆ ಸುಮ್ನೆ ನೋಡಿದೆವು. ಮಗ ಎಷ್ಟು ಹೊತ್ತಿಗೆ ಬರುತ್ತಾನೆ, ಎಷ್ಟು ಹೊತ್ತಿಗೆ ಕೂರುತ್ತಾನೆ, ಎಷ್ಟು ಹೊತ್ತಿಗೆ ಕಣ್ಣು ಎಳೆಯುತ್ತೆ. ಆಮೇಲೆ ಗೊತ್ತಾಯಿತು. ಅವನಿಗೆ ನಿಜವಾಗಿ ಸಿಗುವುದು ರಾತ್ರಿ ಏಳೂವರೆಯಿಂದ ಒಂಬತ್ತು, ಬೆಳಿಗ್ಗೆ ಐದೂವರೆಯಿಂದ ಆರೂಕಾಲು. ಇಷ್ಟೇ. ಇದರಲ್ಲಿ ಯಾವುದು ಎಲ್ಲಿ ಅಂತ ಅವನೇ ಇಟ್ಟುಕೊಂಡ. ಬರೆಯುವ ಕೆಲಸ ರಾತ್ರಿ. ಬಾಯಿಪಾಠ, ಲೆಕ್ಕ ಬೆಳಿಗ್ಗೆ. ಕರೆಂಟ್ ಹೋದರೆ ಮರುದಿನ ಬೆಳಿಗ್ಗೆ ಬರವಣಿಗೆ ಮೊದಲು.

ಇನ್ನೊಂದು, ಪುಸ್ತಕ ಇಡುವ ಜಾಗ. ನಮ್ಮಲ್ಲಿ ಮೇಜು ಇಲ್ಲ. ಹಳೇ ಮನೆ, ಗೋಡೆಯಲ್ಲಿ ದೀಪ ಇಡುವ ಗೂಡು ಇದೆ. ನಡುಮನೆಯ ಒಂದು ಗೂಡು ಮಗನಿಗೆ, ಇನ್ನೊಂದು ಮಗಳಿಗೆ. ಅದರಲ್ಲಿ ಬೇರೆ ಯಾರೂ ಏನೂ ಇಡುವ ಹಾಗಿಲ್ಲ. ಬೀಗದ ಕೈ, ಬೆಂಕಿಪೊಟ್ಟಣ, ಹಾಲಿನ ಚೀಟಿ ಯಾವುದೂ ಬೇಡ ಅಂತ ನಮ್ಮವ್ವನಿಗೂ ಹೇಳಿದ್ದೇನೆ. ಜಾಮಿಟ್ರಿ ಬಾಕ್ಸ್ ಹುಡುಕುವ ಗಲಾಟೆ ನಿಂತಿದೆ.

ಕಬ್ಬಿನಗದ್ದೆ

ಅಣ್ಣಾ, ನೀವು ನಮ್ಮ ಮನೆಗೆ ಬಂದು ನೋಡಿದ ಹಾಗೆ ಹೇಳಿದಿರಿ. ನಮ್ಮಲ್ಲೂ ಎರಡು ಹಸು. ಡೈರಿ ಕೆಲಸ ಅವಳದೇ. ಇವತ್ತೇ ಅವರಪ್ಪನಿಗೆ ತೋರಿಸಿದೆ. ಗೋಡೆಯ ಹಾಳೆ ತೆಗೆಸಿದೆ.

ಮೇಷ್ಟ್ರೇ, ಒಂದು ಕೇಳಬೇಕಿತ್ತು. ಈ ಎಫ್‌ಎ, ಎಸ್‌ಎ ಅಂತಾಳಲ್ಲ, ಅದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಹತ್ತನೇ ಕ್ಲಾಸಲ್ಲಿ ಪಬ್ಲಿಕ್ ಪರೀಕ್ಷೆ ಚೆನ್ನಾಗಿ ಬರೆದರೆ ಸಾಲದಾ?

ಹಳೇಸೈಕಲ್

ಸಾಲದು ತಾಯಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳ ಮನೆಗಳಲ್ಲಿ ಇದು ಗೊತ್ತೇ ಇಲ್ಲ.

ಎಫ್‌ಎ ಅಂದರೆ ಪಾಠ ನಡೆಯುತ್ತಿರುವಾಗಲೇ ಮಾಡುವ ಮೌಲ್ಯಮಾಪನ, ಎಸ್‌ಎ ಅಂದರೆ ಅವಧಿಯ ಕೊನೆಯ ದೊಡ್ಡ ಪರೀಕ್ಷೆ. ವರ್ಷದಲ್ಲಿ ನಾಲ್ಕು ಎಫ್‌ಎ, ಎರಡು ಎಸ್‌ಎ. ದಸರಾ ರಜೆಗೆ ಮುಂಚೆ ಎರಡು ಎಫ್‌ಎ ಆಗಿ ಎಸ್‌ಎ 1. ರಜೆ ಆದ ಮೇಲೆ ಇನ್ನೆರಡು ಎಫ್‌ಎ, ಕೊನೆಗೆ ಎಸ್‌ಎ 2. ಎಫ್‌ಎ ಅಂದರೆ ಬರೀ ಟೆಸ್ಟ್ ಅಲ್ಲ. ಚಟುವಟಿಕೆ, ಪ್ರಾಜೆಕ್ಟ್ ಸೇರಿರುತ್ತೆ. ಅಂದರೆ ಒಂದು ರಾತ್ರಿಯಲ್ಲಿ ಮುಗಿಯದ ಕೆಲಸ.

ಈಗ ಎಸ್‌ಎಸ್‌ಎಲ್‌ಸಿ ಲೆಕ್ಕ ನೋಡಿ. ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು. ಪ್ರಥಮ ಭಾಷೆಯ 125ರಲ್ಲಿ 25 ಆಂತರಿಕ ಅಂಕ. ಉಳಿದವುಗಳಲ್ಲಿ 20, 20. ಕೂಡಿಸಿದರೆ 125 ಅಂಕ ಶಾಲೆಯಲ್ಲೇ, ವರ್ಷವಿಡೀ ಮಾಡಿದ ಕೆಲಸಕ್ಕೆ ಬರುವುದು. ಐದರಲ್ಲಿ ಒಂದು ಪಾಲು. ಮೂರು ಗಂಟೆಯ ಪರೀಕ್ಷೆಗೆ ಕೂರುವ ಮೊದಲೇ ಅದು ತೀರ್ಮಾನ ಆಗಿರುತ್ತೆ. ಹೇಳಿದ ದಿನಕ್ಕೆ ಪ್ರಾಜೆಕ್ಟ್ ಒಪ್ಪಿಸುವ ಅಭ್ಯಾಸ ಹತ್ತನೇ ಕ್ಲಾಸಿನಲ್ಲಿ ದಿಢೀರ್ ಅಂತ ಬರಲ್ಲ. ಎಂಟು, ಒಂಬತ್ತರಲ್ಲಿ ಅಂಕಕ್ಕೆ ಅಷ್ಟು ಬೆಲೆ ಇಲ್ಲದಿರುವಾಗಲೇ ಅದನ್ನು ಕಲಿತುಕೊಳ್ಳಬೇಕು. ಈಗ ಒಂದೆರಡು ತಪ್ಪಿದರೂ ನಷ್ಟ ಇಲ್ಲ. ಮಗು ಹೆದರದೆ ಕಲಿಯುತ್ತೆ.

ತಿದ್ದಿ ಕೊಟ್ಟ ಟೆಸ್ಟ್ ಪೇಪರ್‌ಗಳನ್ನು ಎಸೆಯಬೇಡಿ. ಒಂದು ಕ್ಲಿಪ್ ಫೈಲಿಗೆ ಹಾಕಿ. ಎಸ್‌ಎ ಬಂದಾಗ ಓದಲು ಅದಕ್ಕಿಂತ ಒಳ್ಳೆಯದು ಇಲ್ಲ.

ಕುಕ್ಕರಹಳ್ಳಿಕೆರೆ (ಮೈಸೂರು, ಡಿಗ್ರಿ ವಿದ್ಯಾರ್ಥಿ)

ಫೈಲ್ ಅಂದ ಕೂಡಲೇ ಇದನ್ನು ಹೇಳಲೇಬೇಕು ಅನ್ನಿಸಿತು. ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅಂತ ಒಂದು ಪರೀಕ್ಷೆ ಇದೆ ಅಕ್ಕ. ಸರ್ಕಾರಿ ಶಾಲೆ, ಅನುದಾನಿತ ಶಾಲೆ ಮಕ್ಕಳಿಗೆ ಮಾತ್ರ. ಎಂಟನೇ ಕ್ಲಾಸಿನಲ್ಲಿ ಮಾತ್ರ ಬರೆಯಬಹುದು, ಆಮೇಲೆ ಅವಕಾಶ ಇಲ್ಲ. ಆಯ್ಕೆಯಾದರೆ ಒಂಬತ್ತನೇ ಕ್ಲಾಸಿನಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಏಳನೇ ಕ್ಲಾಸಿನಲ್ಲಿ ಶೇ. 55 ಬಂದಿರಬೇಕು, ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಶೇ. 50. ಎರಡು ಪತ್ರಿಕೆ, ಒಂದೊಂದರಲ್ಲಿ 90 ಪ್ರಶ್ನೆ. ಒಂದು ಬುದ್ಧಿಶಕ್ತಿಯದ್ದು, ಇನ್ನೊಂದು ಪಾಠದ್ದು.

ನನಗೆ ಈ ವಿದ್ಯಾರ್ಥಿವೇತನ ಬಂದಿತ್ತು. ಪಿಯುಸಿ ಪುಸ್ತಕ, ಬಸ್ ಪಾಸು, ಎಲ್ಲ ಅದರಲ್ಲೇ ಆಯಿತು. ನಮ್ಮ ಕ್ಲಾಸಿನಲ್ಲಿ ನನಗಿಂತ ಚುರುಕಾದ ಹುಡುಗ ಒಬ್ಬನಿದ್ದ. ಅರ್ಜಿ ಹಾಕುವ ಹೊತ್ತಿಗೆ ಅವನ ಹತ್ತಿರ ಆದಾಯ ಪ್ರಮಾಣ ಪತ್ರ ಇರಲಿಲ್ಲ. ನಾಡಕಚೇರಿಗೆ ಓಡಾಡುವಷ್ಟರಲ್ಲಿ ಕೊನೆ ದಿನ ಮುಗಿಯಿತು. ಇವತ್ತಿಗೂ ಅದನ್ನು ನೆನೆದರೆ ನನಗೆ ಸಂಕಟ.

ಅದಕ್ಕೆ ಜೋಡಿಸಿಡುವುದು ಅಂದರೆ ಬರೀ ನೋಟ್ಸ್ ಅಲ್ಲ. ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಆಧಾರ್, ಮಗುವಿನ ಬ್ಯಾಂಕ್ ಪಾಸ್‌ಬುಕ್, ಏಳನೇ ಕ್ಲಾಸಿನ ಅಂಕಪಟ್ಟಿ, ಟಿ.ಸಿ. ನಕಲು, ನಾಲ್ಕು ಫೋಟೋ ಇಟ್ಟುಬಿಡಿ. ಎಸ್‌ಎಟಿಎಸ್ ನಂಬರ್, ಅಂದರೆ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗೆ ಇರುವ ನಂಬರ್, ಫೈಲಿನ ಮೇಲೇ ಬರೆಯಿರಿ. ಪ್ರಿ ಮೆಟ್ರಿಕ್ ವಿದ್ಯಾರ್ಥಿವೇತನದ ಅರ್ಜಿಗೂ ಇವೇ ಬೇಕಾಗುತ್ತೆ. ಎನ್‌ಎಂಎಂಎಸ್ ಸಿಕ್ಕಿದ ಮೇಲೂ ಪ್ರತಿ ವರ್ಷ ನವೀಕರಣ ಮಾಡಿಸಬೇಕು. ಅದನ್ನು ಮರೆತವರೂ ಇದ್ದಾರೆ.

ಎಲ್ಲದರಲ್ಲೂ ಹೆಸರು, ಇನಿಷಿಯಲ್, ಹುಟ್ಟಿದ ದಿನ ಒಂದೇ ಥರ ಇದೆಯಾ ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬಿದ್ದ ಹೆಸರು, ಹುಟ್ಟಿದ ದಿನ ಜೀವನ ಪೂರ್ತಿ ಜೊತೆಗೆ ಬರುತ್ತೆ. ತಿದ್ದಿಸುವುದಕ್ಕೆ ಇದು ಒಳ್ಳೆ ಸಮಯ.

ನಾಲೆಬದಿ

ತಮ್ಮಾ, ಬಹಳ ಉಪಕಾರ ಆಯಿತು. ನನ್ನ ಮಗಳೂ ಎಂಟನೇ ಕ್ಲಾಸು. ಈ ಪರೀಕ್ಷೆ ಹೆಸರೇ ಕೇಳಿರಲಿಲ್ಲ. ನಾಳೆ ಹಾಲು ಹಾಕಿ ನೇರ ಶಾಲೆಗೆ ಹೋಗಿ ಕೇಳುತ್ತೇನೆ.

ಕಬ್ಬಿನಗದ್ದೆ (ಕೆಲವು ವಾರ ಕಳೆದ ಮೇಲೆ)

ಎಲ್ಲರಿಗೂ ಹೇಳಬೇಕು ಅಂತ ಬರೆಯುತ್ತಿದ್ದೇನೆ. ಪೇಟೆಬೀದಿಯಲ್ಲಿ ಸಣ್ಣ ನೋಟ್‌ಬುಕ್ ತಂದು, ದಸರಾವರೆಗೆ ತಾರೀಖು ಅವಳೇ ಬರೆದಳು. ಮೊದಲ ವಾರ ಹೇಳಿ ಹೇಳಿ ಬರೆಸಬೇಕಾಯಿತು. ಈಗ ಬಸ್ಸಿಳಿದು ಬರುವಾಗಲೇ "ಅಮ್ಮ, ಬುಧವಾರ ಎರಡು ಇದೆ, ಒಂದು ಇವತ್ತೇ ಮುಗಿಸುತ್ತೀನಿ" ಎನ್ನುತ್ತಾಳೆ. ಸಮಾಜದ ಪುಸ್ತಕಕ್ಕೆ ನನ್ನ ತಂಗಿ ಮದುವೆಯ ಲಗ್ನಪತ್ರಿಕೆ ಕತ್ತರಿಸಿ ಹಚ್ಚಿದ್ದಾಳೆ. ಡೈರಿಗೆ ಸಂಜೆ ಅವರಪ್ಪ ಹೋಗುತ್ತಾರೆ, ಬೆಳಿಗ್ಗೆ ಇವಳು. ಎನ್‌ಎಂಎಂಎಸ್ ಬಗ್ಗೆ ಶಾಲೆಯಲ್ಲಿ ಕೇಳಿದೆ. ಪ್ರಕಟಣೆ ಬಂದಾಗ ಹೇಳುತ್ತೇವೆ, ಕಾಗದ ಪತ್ರ ಸಿದ್ಧ ಮಾಡಿಕೊಳ್ಳಿ ಅಂದರು.

ಎರಡು ವಿಷಯ ಉಳಿದಿದೆ. ಹಿಂದಿ, ವಿಜ್ಞಾನ ಫೇರ್ ನೋಟ್ಸ್ ಜೂನ್‌ನಿಂದ ಪೆಂಡಿಂಗ್ ಇದೆ. ಎಸ್‌ಎ 1 ಒಳಗೆ ಮುಗಿಸುವುದು ಹೇಗೆ? ಮತ್ತೆ ಟಿ.ಸಿ.ಯಲ್ಲಿ ಹುಟ್ಟಿದ ದಿನ ಸರಿ ಇದೆ, ಆದರೆ ಇನಿಷಿಯಲ್ ಆಧಾರ್‌ನಲ್ಲಿ ಇರುವ ಹಾಗಿಲ್ಲ. ಯಾರನ್ನು ಕೇಳಬೇಕು?

ಬೆಲ್ಲದಚ್ಚು

ಆಂಟಿ, ಹಳೇದನ್ನು ಮೊದಲು ಮುಗಿಸಲು ಹೋಗಬೇಡಿ. ಅಷ್ಟರಲ್ಲಿ ಹೊಸದು ಪೆಂಡಿಂಗ್ ಆಗುತ್ತೆ. ಇವತ್ತಿನದನ್ನು ಇವತ್ತೇ ಇಳಿಸಲಿ. ಅದಾದ ಮೇಲೆ ದಿನಕ್ಕೆ ಹಳೇ ಎರಡು ಪುಟ. ಹಳೇದಕ್ಕೆ ಪುಟ ಬಿಟ್ಟು ಮುಂದೆ ಬರೆಯಲಿ. ವಿಜ್ಞಾನದ ಚಿತ್ರಗಳೆಲ್ಲ ಒಂದೇ ಭಾನುವಾರಕ್ಕೆ ಇಟ್ಟುಕೊಳ್ಳಲಿ, ಪೆನ್ಸಿಲ್ ಹಿಡಿದು ಕೂತರೆ ಒಂದರ ಹಿಂದೆ ಒಂದು ಬರುತ್ತೆ. ಹಿಂದಿ ಮೇಡಂಗೆ ಮೊದಲೇ ಹೋಗಿ "ಇಷ್ಟು ಬಾಕಿ ಇದೆ ಮಿಸ್, ಇಂಥ ದಿನಕ್ಕೆ ಮುಗಿಸುತ್ತೇನೆ" ಅಂತ ಹೇಳಲಿ. ನಾವೇ ಹೋಗಿ ಹೇಳಿದರೆ ಬೈಯಲ್ಲ.

ಹಳೇಸೈಕಲ್

ಹುಡುಗಿ ಸರಿಯಾಗಿ ಹೇಳಿದ್ದಾಳೆ. ಇನಿಷಿಯಲ್ ವಿಷಯಕ್ಕೆ ಹೆಡ್‌ಮಾಸ್ಟರನ್ನು ನೋಡಿ. ಜನನ ಪ್ರಮಾಣ ಪತ್ರ, ಆಧಾರ್ ಎರಡನ್ನೂ ತಗೊಂಡು ಹೋಗಿ. ಮೊದಲು ಯಾವುದರಲ್ಲಿ ತಪ್ಪಿದೆ ಅಂತ ನೋಡಬೇಕು, ಕೆಲವು ಸಲ ಆಧಾರ್‌ನಲ್ಲೇ ತಪ್ಪಿರುತ್ತೆ. ಶಾಲೆಯದ್ದೇ ತಪ್ಪಿದ್ದರೆ ದಾಖಲಾತಿ ಪುಸ್ತಕದಲ್ಲೂ ಎಸ್‌ಎಟಿಎಸ್‌ನಲ್ಲೂ ಸರಿಯಾಗಬೇಕು, ಬರೀ ಒಂದರಲ್ಲಿ ಆದರೆ ಸಾಲದು. ಅರ್ಜಿ ಬರವಣಿಗೆಯಲ್ಲಿ ಕೊಟ್ಟು, ನಕಲಿನ ಮೇಲೆ ಸೀಲು, ಸಹಿ ಹಾಕಿಸಿಕೊಂಡು ಆ ಪ್ಲಾಸ್ಟಿಕ್ ಫೈಲಿಗೆ ಸೇರಿಸಿ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ ತಾಯಿ, ಅರ್ಜಿ ಅವಳೇ ಬರೆಯಲಿ.